ಬಿಸಿಲಿಗಿಟ್ಟ ಪ್ಲೇಟುಗಳು

ಕಾರಿನಲ್ಲಿ ಬಿಟ್ಟು ಮರೆತಿದ್ದರಿಂದ ರೆಕಾರ್ಡುಗಳು ಹಾಳಾದವು ಎಂದು ಆ ಡಿಜೆ ನನ್ನ ಮಗಳಿಗೆ ಹೇಳಿದ್ದು ಸುಳ್ಳು. ಹಾಳು ಮಾಡಿದವಳು ನಾನು.

ಪ್ಲಿಮತ್‌ನಲ್ಲಿ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಅವನು ಬಾಡಿಗೆಗಿದ್ದ. ಮೈಸೂರಿನವನು. ವಾರವೆಲ್ಲ ಪಕ್ಕದೂರು ವಿಕ್ಸಮ್‌ನ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಡಿಜೆ. ಊರೆಲ್ಲ ಸಿಡಿ ಕೊಳ್ಳುತ್ತಿದ್ದ ಕಾಲದಲ್ಲಿ ಇವನು ಶಿಕಾಗೋವರೆಗೂ ಡ್ರೈವ್ ಮಾಡಿ, ಹೌಸ್, ಟೆಕ್ನೊ ಎಂಬ ಕುಣಿತದ ಸಂಗೀತದ ಹಳೇ ಪ್ಲೇಟುಗಳನ್ನು ಹುಡುಕಿ ತರುತ್ತಿದ್ದ. ಎರಡು ಅಂಗೈಗಳ ನಡುವೆ ಅಂಚನ್ನಷ್ಟೇ ಹಿಡಿದು, "ಅಜ್ಜಿ, ಇದು ಇನ್ನೆಲ್ಲೂ ಸಿಗಲ್ಲ" ಅನ್ನುತ್ತಿದ್ದ. ಪ್ರತಿ ಪ್ಲೇಟಿಗೂ ಅದೇ ಮಾತು.

"ಒಂದೇ ಸಮ ಡಬಡಬ ಅನ್ನೋದಕ್ಕೆ ಇಷ್ಟೆಲ್ಲಾ ಯಾಕೋ?" ಎಂದರೆ ನಗುತ್ತಿದ್ದ.

ಒಂದು ಜುಲೈನಲ್ಲಿ ಅವನ ಪೆಟ್ಟಿಗೆಯಿಂದ ಮುಗ್ಗಲು ವಾಸನೆ ಬಂತು. ಅವನು ಕೆಲಸಕ್ಕೆ ಹೋಗಿದ್ದಾಗ, ಬೇಳೆ ಒಣಗಿಸುವ ಹಾಗೆ, ಅದರಲ್ಲಿದ್ದ ಪ್ಲೇಟುಗಳನ್ನೆಲ್ಲ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಬಿಸಿಲಿಗೆ ಹರವಿದೆ. ಸಂಜೆಗೆ ಒಂದೂ ಸಪಾಟಾಗಿ ಉಳಿದಿರಲಿಲ್ಲ, ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು.

ಅವನು ಬಂದು ಒಂದನ್ನು ಎತ್ತಿಕೊಂಡ. ಈ ಸಲ ಅಂಚು ನೋಡಿ ಹಿಡಿಯಲಿಲ್ಲ.

"ಆಂಟಿಗೆ ಹೇಳ್ಬೇಡಿ ಅಜ್ಜಿ, ನಿಮ್ಮನ್ನ ಬೈತಾರೆ" ಎಂದ.

ಮರುದಿನ ಬೆಳಿಗ್ಗೆ ನಿಜ ಹೇಳಿಬಿಡೋಣ ಎಂದು ಅಡುಗೆಮನೆಗೆ ಹೋದೆ. ಮಗಳು ಆಗಲೇ ಅವನನ್ನು ಬೈಯುತ್ತಿದ್ದಳು: "ಈ ಬಿಸಿಲಲ್ಲಿ ಕಾರೊಳಗೆ ಬಿಡ್ತಾರೇನೋ? ಡಿಜೆ ಅಂತೆ, ಡಿಜೆ!"

ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ನಾನು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ.