ಇಲ್ಲೇ ಎಲ್ಲೋ ಇದ್ದ ಸ್ಪ್ಯಾನರ್

"ಈ ಶೆಡ್ಡಲ್ಲಿ ಹತ್ತು-ಹನ್ನೊಂದರ ಸ್ಪ್ಯಾನರ್ ಇಟ್ಟ ಜಾಗದಲ್ಲೇ ಸಿಕ್ಕಿದ ದಿನ ನೀವು ಡಿಗ್ರಿ ಮುಗಿಸ್ತೀರ ಸಿಸ್ಟರ್" ಎಂದವರು ಟಿಂಕರ್ ಬಾಷಾ ಭಾಯ್. ಶಾಪವೇನಲ್ಲ. ಕಾರಿನ ಬಾಗಿಲಿನ ತಗ್ಗನ್ನು ಸುತ್ತಿಗೆಯಿಂದ ಎತ್ತುತ್ತಾ, ಸಂಜೆ ಮಳೆ ಬರಬಹುದು ಎನ್ನುವಷ್ಟು ಸಹಜವಾಗಿ ಹೇಳಿದರು. ಎರಡೂ ಆಗದ ಮಾತೆಂದು ಅವರಿಗೆ ಖಾತ್ರಿಯಿತ್ತು. ನಿಜ ಹೇಳುತ್ತೇನೆ, ನನಗೂ ಡಿಗ್ರಿಯ ಮೇಲೆ ಅಷ್ಟಿಷ್ಟು ಭರವಸೆಯಿತ್ತು. ಸ್ಪ್ಯಾನರಿನ ಮೇಲೆ ಇರಲಿಲ್ಲ.

ಟಿ. ದಾಸರಹಳ್ಳಿಯ ನಮ್ಮ ಶೆಡ್ಡು ಒಂದೇ, ಯಜಮಾನರು ಮೂವರು. ಎಂಜಿನ್ ಕೆಲಸ ನಮ್ಮ ಮಾವನವರದು, ಅಂದರೆ ನನ್ನ ಗಂಡನ ತಂದೆಯದು. ಬಾಡಿ ಕೆಲಸ ಬಾಷಾ ಭಾಯ್ ಅವರದು, ವೈರಿಂಗ್ ಸೆಲ್ವಂನದು. ಜಾಗ ಹಂಚಿಕೊಂಡವರು ಗೊತ್ತಿಲ್ಲದೆಯೇ ಸಾಮಾನನ್ನೂ ಹಂಚಿಕೊಂಡಿದ್ದರು. ನನ್ನ ಕೆಲಸ ಫೋನ್ ಎತ್ತುವುದು, ಸ್ಪೇರ್ ಪಾರ್ಟ್ ತರಿಸುವುದು, "ಗಾಡಿ ನಾಳೆ ಖಂಡಿತ ರೆಡಿ" ಎಂಬ ಸುಳ್ಳನ್ನು ವಿನಯದಿಂದ ಹೇಳುವುದು, ಸಂಜೆ ಶಟರ್ ಎಳೆಯುವುದು.

ತೊಡಕಿದ್ದದ್ದು ಈ ಕೊನೆಯದರಲ್ಲಿ. ಮೂವರ ಸಾಮಾನೂ ಅವರವರ ಪೆಟ್ಟಿಗೆ ಸೇರದೆ ಶಟರ್ ಇಳಿಯುವಂತಿರಲಿಲ್ಲ. ಯಾವುದೋ ಹಳೆಯ ಜಗಳದಿಂದ ಹುಟ್ಟಿದ ಕಟ್ಟಳೆ ಅದು. ಐದು ಗಂಟೆಗೆ ಹುಡುಕಾಟ ಶುರುವಾದರೆ ಮುಗಿಯುವ ಹೊತ್ತಿಗೆ ಆರು. ಯಶವಂತಪುರದ ಸಂಜೆ ಕಾಲೇಜಿನಲ್ಲಿ ನನ್ನ ಬಿ.ಎ. ತರಗತಿಯೂ ಆರಕ್ಕೇ. ನಾನು ಮೆಟ್ರೊ ಹತ್ತುವಾಗ ಅಲ್ಲಿ ಹಾಜರಿ ಕೂಗಿ ಆಗಿರುತ್ತಿತ್ತು. ಒಂದು ದಿನ ಕನ್ನಡದ ಮೇಡಂ ಕರೆದು, "ಹಾಜರಿ ಹಿಂಗೇ ಇದ್ರೆ ಪರೀಕ್ಷೆಗೆ ಕೂರಿಸಲ್ಲಮ್ಮ, ನನ್ನ ಕೈಲೂ ಏನಿಲ್ಲ" ಎಂದರು. ತವರಿನಲ್ಲೂ ಗಂಡನ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಒಂದು ಸ್ಪ್ಯಾನರ್ ನನ್ನನ್ನು ಆ ಮೆಟ್ಟಿಲಿನಿಂದ ಇಳಿಸುವುದರಲ್ಲಿತ್ತು.

ಅದರ ವಿಳಾಸ ಯಾರನ್ನು ಕೇಳಿದರೂ ಒಂದೇ: "ಇಲ್ಲೇ ಎಲ್ಲೋ ಇತ್ತು." ಅದೇ ಮೇಡಂ ತರಗತಿಯಲ್ಲಿ ಹೇಳಿದ್ದರು, ಪದದ ಕೊನೆಗೆ 'ಏ' ಬಂದರೆ ನಿಶ್ಚಯ, 'ಓ' ಬಂದರೆ ಸಂದೇಹ ಎಂದು. ನಿಶ್ಚಯವನ್ನೂ ಸಂದೇಹವನ್ನೂ ಪಕ್ಕಪಕ್ಕದಲ್ಲಿಟ್ಟು ಬೆಸುಗೆ ಹಾಕಿದ ಈ ಮಾತು ನಮ್ಮ ಶೆಡ್ಡಿನಲ್ಲೇ ತಯಾರಾಗಿರಬೇಕೆಂದು ನನ್ನ ಅನುಮಾನ. ಹೇಳುವವರಿಗೆ ತಾವು ಕಳೆದಿಲ್ಲವೆಂಬ ನೆಮ್ಮದಿ. ಕೇಳುವವಳಿಗೆ ಸೆರಗು ಸಿಕ್ಕಿಸಿಕೊಂಡು ಕಾರಿನಡಿ ಬಗ್ಗುವ ಕೆಲಸ.

ಓದುತ್ತಿರುವವಳಲ್ಲವೇ, ಓದಿದವಳ ಬುದ್ಧಿಯನ್ನೇ ಉಪಯೋಗಿಸಿದೆ. ಒಂದು ಭಾನುವಾರ ಗೋಡೆಗೆ ದೊಡ್ಡ ಪ್ಲೈವುಡ್ ಹಲಗೆ ಹೊಡೆಸಿ, ಸಾಲಾಗಿ ಮೊಳೆ ಬಡಿದು, ಒಂದೊಂದು ಮೊಳೆಯ ಕೆಳಗೂ ದುಂಡು ಅಕ್ಷರದಲ್ಲಿ ಸಾಮಾನಿನ ಹೆಸರು ಬರೆದು ಚೀಟಿ ಅಂಟಿಸಿದೆ. ಮರುದಿನ ಸಂಜೆ ನೋಡಿದರೆ ಇಕ್ಕಳದ ಮೊಳೆಗೆ ಸುತ್ತಿಗೆ, ಸುತ್ತಿಗೆಯ ಮೊಳೆಗೆ ಅರ. ಎಲ್ಲವೂ ನೀಟಾಗಿ ತೂಗುತ್ತಿದ್ದವು, ಒಂದೂ ತನ್ನ ಜಾಗದಲ್ಲಿರಲಿಲ್ಲ. ನಾನು ಮಾವನವರ ಮೇಲೆ ರೇಗಿದೆ. "ಬರೆದಿದೀನಲ್ಲ ಮಾವ, ನೋಡಬಾರದಾ?"

ಅವರು ಕೈ ಒರೆಸಿಕೊಂಡರು. "ನೋಡ್ದೆ ಕಣಮ್ಮ. ಚೆನ್ನಾಗ್ ಬರ್ದಿದೀಯ. ನಂಗೆ ಓದಕ್ ಬರಲ್ವಲ್ಲ."

"ನಂಗೂ ಕನ್ನಡ ಬಸ್ ಬೋರ್ಡ್ ಮಟ್ಟಕ್ಕೇ ಅಕ್ಕ" ಎಂದು ಸೆಲ್ವಂ ಮಾತನ್ನು ಹಗುರ ಮಾಡಲು ನೋಡಿದ.

ಮದುವೆಯಾಗಿ ಆರು ವರ್ಷ. ದಿನವೂ ಬೆಳಿಗ್ಗೆ ಮಾವನವರು ಪೇಪರ್ ಹಿಡಿದು ಕೂರುವುದನ್ನು ಕಂಡಿದ್ದೆ. ಚಿತ್ರ ನೋಡುತ್ತಿದ್ದರಂತೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಾಕು, ಸ್ಪ್ಯಾನರಿನ ಅಳತೆ ಹೇಳುವ ಮನುಷ್ಯನ ಮುಂದೆ ನಾನು ಅಕ್ಷರಗಳನ್ನು ನೇತುಹಾಕಿದ್ದೆ. ಕಾಲೇಜಿನಲ್ಲಿ ಇನ್ನೂ ಪಾಸಾಗಿರಲಿಲ್ಲ, ಶೆಡ್ಡಿನಲ್ಲಿ ಆಗಲೇ ಫೇಲಾಗಿದ್ದೆ.

ಉಪಾಯ ಕೊಟ್ಟವರೂ ಅವರೇ. "ಹೆಸ್ರು ಬೇಡಮ್ಮ, ಅದ್ರ ಮೈ ಬರಿ." ಒಂದೊಂದು ಸಾಮಾನನ್ನೂ ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದೆವು. ಬಾಷಾ ಭಾಯ್ ಹತ್ತಿರ ಉಳಿದಿದ್ದ ಕಾರಿನ ಬಣ್ಣ ತುಂಬಿದೆವು. ಮಾವನವರಿಗೆ ಕೆಂಪು, ಭಾಯ್‌ಗೆ ಹಸಿರು, ಸೆಲ್ವಂಗೆ ಹಳದಿ. ಈಗ ಯಾರೂ ಏನನ್ನೂ ಓದಬೇಕಿರಲಿಲ್ಲ. ಖಾಲಿ ಉಳಿದ ಆಕಾರವೇ ನನ್ನ ಸಾಮಾನು ಎಲ್ಲಿ ಎಂದು ಕೇಳುತ್ತಿತ್ತು. ಒಂದು ಗಂಟೆಯ ಹುಡುಕಾಟ ಐದು ನಿಮಿಷಕ್ಕಿಳಿಯಿತು. ಐದೂಕಾಲಿಗೆ ನಾನು ಮೆಟ್ರೊದಲ್ಲಿ, ಅದೂ ಒಮ್ಮೊಮ್ಮೆ ಸೀಟಿನಲ್ಲಿ.

ಹತ್ತು-ಹನ್ನೊಂದರ ಸ್ಪ್ಯಾನರ್ ಮೊದಲ ಸಲ ತನ್ನ ಕೆಂಪು ನೆರಳಿನ ಮೇಲೆ ಸಿಕ್ಕ ದಿನ ಬಾಷಾ ಭಾಯ್ ಅದನ್ನು ಬಹಳ ಹೊತ್ತು ನೋಡಿ, "ಒಂದಾಯ್ತು ಸಿಸ್ಟರ್. ಇನ್ನೊಂದು ನಿಮ್ದು" ಎಂದರು. ಪರೀಕ್ಷೆಯ ದಿನಗಳಲ್ಲಿ ನನ್ನ ಬದಲು ಫೋನ್ ಎತ್ತಿ, ಗಾಡಿ ನಾಳೆ ಖಂಡಿತ ರೆಡಿ ಎಂದವರೂ ಅವರೇ. ನನಗಿಂತ ನಂಬುವ ಹಾಗೆ ಹೇಳುತ್ತಿದ್ದರು.

ಹಲಗೆಯ ಬಲತುದಿಯಲ್ಲಿ ಮಾತ್ರ ಒಂದು ಕೆಂಪು ಚೌಕಟ್ಟು ಎಂದೂ ತುಂಬಲಿಲ್ಲ. ನಾನು ಎಳೆದದ್ದಲ್ಲ ಅದು. "ಇದ್ಯಾವ ಸಾಮಾನು ಮಾವ, ಕಳೆದೋಗಿದ್ಯಾ?" ಎಂದು ಕೇಳಿದಾಗಲೆಲ್ಲ "ಬರುತ್ತೆ ಬಿಡಮ್ಮ" ಎನ್ನುತ್ತಿದ್ದರು. ಯಾರೋ ಇಸಕೊಂಡು ಹೋಗಿ ವಾಪಸ್ ಕೊಟ್ಟಿಲ್ಲವೆಂದು ಸುಮ್ಮನಾಗುತ್ತಿದ್ದೆ.

ಕಳೆದ ತಿಂಗಳು ಕಾಲೇಜಿನ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡು ಡಿಗ್ರಿ ಸರ್ಟಿಫಿಕೇಟ್ ಕೊಟ್ಟರು. ಮನೆಗೆ ಹೋಗದೆ ನೇರ ಶೆಡ್ಡಿಗೆ ಬಂದು ಮಾವನವರ ಮುಂದೆ ಹಿಡಿದೆ. ಅವರು ಸೋಪು ಹಾಕಿ ಎರಡು ಸಲ ಕೈ ತೊಳೆದು, ಅಂಚು ಮಾತ್ರ ಹಿಡಿದುಕೊಂಡು, ಹಲಗೆಯ ಬಲತುದಿಗೆ ನಡೆದು ಆ ಕೆಂಪು ಚೌಕಟ್ಟಿನ ಮೇಲಿಟ್ಟರು. ಸರ್ಟಿಫಿಕೇಟ್ ನಾಲ್ಕೂ ಕಡೆ ಗೆರೆಯಾಚೆ ಚಾಚಿತು.

"ನಿನ್ನ ಎಸ್ಸೆಲ್ಸಿ ಕಾರ್ಡ್ ಇಟ್ಟು ಗೆರೆ ಎಳ್ದಿದ್ದೆ ಕಣಮ್ಮ, ಇದೂ ಅಷ್ಟೇ ಇರುತ್ತೆ ಅಂತ" ಎಂದರು. ತಲೆ ಓರೆ ಮಾಡಿ ಇನ್ನೊಮ್ಮೆ ಅಳತೆ ನೋಡಿದರು. "ದೊಡ್ದಾಗೇ ಬಂದಿದೆ. ಇನ್ನೊಂದ್ ಸಲ ಎಳೀತೀನಿ, ಆ ಬ್ರಷ್ ತಗೊಂಬಾ. ಇಲ್ಲೇ ಎಲ್ಲೋ ಇತ್ತು."