ಮುಂಬೈಯಲ್ಲಿ, ಟವೆಲಿನ ಕೆಳಗೆ

ಸತ್ತವರು ಬಂದು ಮಾತಾಡಿಸಿದರು, ಕನಸಲ್ಲಿ ದಾರಿ ತೋರಿಸಿದರು ಎಂದು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದನ್ನು ಹೇಳುವುದರಿಂದ ನಿಮಗೇನು ಲಾಭ? ತೇನಿ ಬಸ್ ನಿಲ್ದಾಣದಲ್ಲಿ ಬುಟ್ಟಿ ದ್ರಾಕ್ಷಿ ಮಾರುತ್ತ ಶುರುಮಾಡಿ, ಈಗ ಹನುಮಂತನಪಟ್ಟಿಯ ತೋಟಗಳಿಂದ ಲಾರಿಗೆ ಹಣ್ಣು ತುಂಬಿಸುವವಳು ನಾನು. ಮಾತಿನಲ್ಲಿ ಕೊಳೆತದ್ದು ಯಾವುದು ಎಂದು ಬೇಗ ಗೊತ್ತಾಗುತ್ತದೆ. ಅಂಥವಳೇ ಈಗ ಇದನ್ನು ಬರೆಯುತ್ತಿದ್ದೇನೆ. ನಂಬಿ ಎನ್ನುವುದಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ, ಅಷ್ಟೆ.

ನಾಲ್ಕು ವರ್ಷದ ಹಿಂದೆ ಅವ್ವನನ್ನು ಮುಂಬೈಗೆ ಕರೆದುಕೊಂಡು ಹೋದೆ. ಅಪ್ಪ ದನದ ದಲ್ಲಾಳಿಯಾಗಿದ್ದರು. ಮದುವೆಯಾದ ಹೊಸತರಲ್ಲಿ ಯಾರದೋ ಲಾರಿ ಹತ್ತಿ ಮುಂಬೈ ನೋಡಿ ಬಂದು, ನಿನ್ನನ್ನೂ ಒಂದು ದಿನ ಕರೆದೊಯ್ದು ಕಡಲು ತೋರಿಸುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟಿದ್ದರಂತೆ. ಮಾತು ಹಾಗೇ ಉಳಿಯಿತು, ಅಪ್ಪ ತೀರಿಕೊಂಡರು. ಅವ್ವನಿಗೆ ಎಪ್ಪತ್ತು ದಾಟಿ ಮಂಡಿ ಸೋಲುತ್ತಿತ್ತು. ಆಗ ಹೋಗದಿದ್ದರೆ ಮತ್ತೆ ಆಗುವ ಹಾಗಿರಲಿಲ್ಲ. ಖರ್ಚೂ ತನ್ನದೇ ಆಗಬೇಕೆಂದು ಅವಳ ಹಟ. ಎಮ್ಮೆ ಹಾಲು ಮಾರಿ ಕೂಡಿಟ್ಟ ದುಡ್ಡನ್ನು ನನ್ನ ಕೈಗಿಟ್ಟು, "ಇದ್ರಾಗೇ ಮುಗ್ಸು. ನೀ ಒಂದು ಕಾಸು ಮೇಲ ಹಾಕಿದ್ರೂ ನಾ ರೈಲು ಹತ್ತೋ ದಿಂಡಿಗಲ್ಲಾಗೇ ಇಳ್ದುಬುಡ್ತೀನಿ" ಎಂದಳು.

ಮೊದಲ ಸಲ ದೊಡ್ಡ ಊರಿಗೆ ಹೋಗುವವರು ಸ್ವಲ್ಪ ಕೇಳಿಸಿಕೊಳ್ಳಿ. ಹೋಗುವ ಟಿಕೆಟಿಗಿಂತ ಮೊದಲು ಬರುವ ಟಿಕೆಟು ತೆಗೆಯಿರಿ. ಬೆಳಗ್ಗೆ ಮುಟ್ಟುವ ರೈಲು ಹಿಡಿಯಿರಿ, ಕತ್ತಲಾದ ಮೇಲೆ ಬಂದವರಿಗೆ ಬೇರೆ ದಾರಿಯಿಲ್ಲವೆಂದು ರೂಮಿನವರಿಗೆ ಗೊತ್ತು. ಒಂದೂವರೆ ದಿನಕ್ಕೆ ಹುಳಿಯನ್ನ ಕೆಡುವುದಿಲ್ಲ, ಕಟ್ಟಿಕೊಳ್ಳಿ. ರೂಮಿನ ದರವನ್ನು ಮೇಜಿನ ಹಿಂದೆ ಕೂತವರನ್ನಲ್ಲ, ಕಸ ಗುಡಿಸುವವರನ್ನು ಕೇಳಿ. ಇಷ್ಟನ್ನೂ ಮಾಡಿ, ಅವ್ವನ ದುಡ್ಡಿನಲ್ಲಿ ಮೂರು ದಿನದ ರೂಮು, ಊಟ, ಕೊನೆಯ ದಿನ ಕಡಲಲ್ಲಿ ಒಂದು ದೋಣಿ ಸುತ್ತು, ಎಲ್ಲವನ್ನೂ ಹೊಂದಿಸಿದ್ದೆ. ರೂಮು ಅಗ್ಗಕ್ಕೆ ಸಿಕ್ಕರೆ ಮಾತ್ರ ದೋಣಿ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈ ಮೇಲೆ ಟವೆಲು ಹಾಕಿ, ಅದರ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಆ ಟವೆಲಿಗೆ ನಮ್ಮ ಕಡೆ ತುಂಡು ಎನ್ನುತ್ತೇವೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸಂತೆಗೆ ಕರೆದೊಯ್ದು, ಬೇರೆಯವರೊಡನೆ ತಮಾಷೆಗೆ ನನ್ನಿಂದಲೇ ಚೌಕಾಸಿ ಮಾಡಿಸುತ್ತಿದ್ದರು. ಬೇಡವೆನಿಸಿದರೆ ತಮ್ಮ ತುಂಡಿನ ಕೆಳಗೆ ನನ್ನ ಎಡಗೈ ಹಿಡಿದು, ಕಿರುಬೆರಳನ್ನು ಅಂಗೈಗೆ ಮಡಚಿ ಎರಡು ಸಲ ಒತ್ತುತ್ತಿದ್ದರು. ಬಿಟ್ಟುಬಿಡು ಎಂದರ್ಥ. ಅದು ಸಂತೆಯ ಗುರುತಲ್ಲ, ನಮ್ಮಿಬ್ಬರದು.

ಮುಂಬೈಯಲ್ಲಿ ಇಳಿದಾಗ ಆಗಷ್ಟೇ ಬೆಳಕಾಗಿತ್ತು. ಅಪ್ಪನ ತುಂಡು ನನ್ನ ಎಡಗೈ ಮೇಲಿತ್ತು. ಅವರಂತೂ ಬರಲಿಲ್ಲ, ಅವರ ತುಂಡಾದರೂ ಬರಲಿ ಎಂದು ಅವ್ವ ತಂದಿದ್ದಳು. ನಿಲ್ದಾಣದ ಹೊರಗೆ ನಲವತ್ತರ ಆಸುಪಾಸಿನ ತೆಳ್ಳನೆಯ ಒಬ್ಬರು ಫೋನಿನಲ್ಲಿ ರೂಮಿನ ಚಿತ್ರ ತೋರಿಸಿದರು. ನನ್ನ ಹಿಂದಿ ಹರಕು. ಆದರೆ ಚೌಕಾಸಿಗೆ ಭಾಷೆ ಹೆಚ್ಚು ಬೇಕಿಲ್ಲ. ದಿನಕ್ಕೆ ಸಾವಿರದ ಇನ್ನೂರು ಕೇಳಿದವರನ್ನು ಆರುನೂರಕ್ಕೆ ಇಳಿಸಿದೆ. ದೋಣಿ ಸಿಕ್ಕಿತೆಂದೇ ಮನಸ್ಸಿನಲ್ಲಿ ಹಿಗ್ಗಿ, ಮುಂಗಡ ಕೊಡಲು ಬಲಗೈಯಲ್ಲಿ ಪರ್ಸು ತೆಗೆದೆ.

ಆಗ ತುಂಡಿನ ಕೆಳಗೆ ಯಾರೋ ನನ್ನ ಎಡಗೈ ಹಿಡಿದರು. ಒರಟಾದ, ಒಣಗಿದ ಬೆರಳುಗಳು. ಕಿರುಬೆರಳು ಮಡಚಿತು. ಒಂದು, ಎರಡು.

ಅವ್ವನೇ ಎಂದುಕೊಂಡೆ. ತಿರುಗಿದರೆ ಅವಳು ಹತ್ತು ಮಾರು ದೂರದಲ್ಲಿ ಚೀಲದ ಮೇಲೆ ಕೂತು, ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದು ಊದುತ್ತಿದ್ದಳು. ನನ್ನ ಎಡಕ್ಕೆ ಕಂಬ. ತುಂಡು ಎತ್ತಿದೆ. ನನ್ನ ಕೈಯೊಂದೇ ಇತ್ತು, ಕಿರುಬೆರಳು ಮಡಚಿಕೊಂಡೇ ಇತ್ತು.

ಬೇಡ ಎಂದೆ. ಅವರು ಐನೂರಕ್ಕೆ ಇಳಿದರು. ಅದಕ್ಕೂ ಬೇಡ ಎಂದಾಗ ಮುಖ ಸಣ್ಣದಾಯಿತು. ಆದರೂ ವಿಳಾಸದ ಚೀಟಿ ಕೊಟ್ಟು ಹೋದರು. ಆಮೇಲೆ ಸಿಕ್ಕ ರೂಮು ದುಬಾರಿ, ಕಿಟಕಿಯೂ ಇಲ್ಲ. ದೋಣಿ ಕೈಬಿಟ್ಟ ಹಾಗೆಯೇ. ಅವ್ವನಿಗೆ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. "ಯಾವ ಕೈ?" ಎಂದು ಮಾತ್ರ ಕೇಳಿದಳು.

ಮರುದಿನ ನನಗೆ ತಡೆಯಲಾಗಲಿಲ್ಲ. ಏನು ಮೋಸವಿತ್ತೋ ನೋಡಿಯೇ ಬಿಡೋಣವೆಂದು ಅವ್ವನೊಡನೆ ಆ ವಿಳಾಸ ಹುಡುಕಿಕೊಂಡು ಹೋದೆ. ಎತ್ತಿನ ಹಲ್ಲು ನೋಡುವ ಹಾಗೆ ನಲ್ಲಿ, ಚಿಲಕ, ಹಾಸಿಗೆ ಎಲ್ಲ ನೋಡಿದೆ. ಒಂದು ಕುಂದಿಲ್ಲ. ಎರಡು ಕಟ್ಟಡಗಳ ನಡುವೆ ಒಂದು ಗೇಣಿನಷ್ಟು ಕಡಲೂ ಕಾಣುತ್ತಿತ್ತು. ಹೊರಗೆ ಬಂದಾಗ ಕಂಡದ್ದು ಬೇರೆ. ಓಣಿಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಸುತ್ತಿಟ್ಟ ಚಾಪೆ, ಶಾಲೆಯ ಚೀಲ, ಉರಿಯುವ ಒಲೆ. ತಮಗಿದ್ದ ಒಂದೇ ರೂಮನ್ನು ಬಾಡಿಗೆಗೆ ಬಿಟ್ಟು ಆ ತೆಳ್ಳನೆಯವರ ಸಂಸಾರ ಅಲ್ಲಿತ್ತು. ಅವರ ಹೆಂಡತಿ ನಮಗೆ ನೀರು ಕೊಟ್ಟರು.

ಅವ್ವ ಲೋಟ ಕೆಳಗಿಟ್ಟು ನಮ್ಮ ಮಾತಿನಲ್ಲೇ ಮೆಲ್ಲಗೆ ಹೇಳಿದಳು. "ನಿಮ್ಮಪ್ಪ ಸುಳಿ ಕೆಟ್ಟ ದನಕ್ಕ ಮಾತ್ರ ಬುಡು ಅಂತಿರ್ಲಿಲ್ಲ. ಮಾರೋನು ಗತಿ ಇಲ್ದೆ ಮಾರ್ತವ್ನೆ ಅಂತ ತಿಳುದ್ರೂ ಬುಟ್ಬುಡೋರು. ಅತ್ಕೊಂಡು ಕೊಟ್ಟ ದನ ಕೊಟ್ಟಿಗೇಲಿ ನಿಲ್ಲಾಕಿಲ್ಲ ಅನ್ನೋರು. ಮಗಾ, ನಿನಗ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ನನಗೆ ಬಿಡಿಸಲಾಗದ ಗಂಟು ಇದೇ. ಜನಸಂದಣಿಯಲ್ಲಿ ಜೇಬುಗಳ್ಳನ ಕೈ ಎನ್ನೋಣವೆಂದರೆ ಪರ್ಸಿನಲ್ಲಿ ಒಂದು ರೂಪಾಯಿ ಕಡಿಮೆಯಾಗಿರಲಿಲ್ಲ. ರೈಲಿನಲ್ಲಿ ಕೂತು ಕೂತು ಕೈ ಜೋಮು ಹಿಡಿದಿತ್ತು ಎನ್ನಬಹುದು. ಆದರೆ ಅಪ್ಪ ಯಾತಕ್ಕೆಲ್ಲ ಕೈಬಿಡುತ್ತಿದ್ದರೆಂದು ನನಗೇ ಗೊತ್ತಿಲ್ಲದಿದ್ದಾಗ ನನ್ನ ಕೈಗೆ ಹೇಗೆ ಗೊತ್ತಾಯಿತು?

ಉಳಿದ ಎರಡು ದಿನ ಆ ರೂಮಿಗೇ ಬಂದೆವು, ಅವರು ಮೊದಲು ಕೇಳಿದ ದರಕ್ಕೆ. ನನ್ನ ಜೀವಮಾನದಲ್ಲಿ ಮೊದಲ ಸಲ. ದೋಣಿ ಆಗಲಿಲ್ಲವಲ್ಲ ಎಂದು ನಾನು ಪೇಚಾಡಿದರೆ, "ಕಡಲ್ನ ನೋಡಾಕ ಬಂದಿದ್ದು, ಮೇಲ ಕೂರಾಕಲ್ಲ" ಎಂದ ಅವ್ವ, ಎರಡು ದಿನವೂ ಹೊತ್ತು ಮುಳುಗುವವರೆಗೆ ಕಿಟಕಿಯ ಬಳಿಯಿಂದ ಏಳಲಿಲ್ಲ.

ಬರುವಾಗ ರೈಲಿನಲ್ಲಿ ತುಂಡನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಳು. ದಿಂಡಿಗಲ್ ಬರುವವರೆಗೂ ಅವಳ ಎಡಗೈ ಅದರ ಕೆಳಗೇ ಇತ್ತು.

ಈಗ ಆ ತುಂಡು ನನ್ನ ಬಳಿ ಇದೆ. ತೋಟದವರೊಡನೆ ದರ ಮುಗಿಸುವ ಮುಂಚೆ ಅದನ್ನು ಎಡಗೈ ಮೇಲೆ ಹಾಕಿಕೊಂಡು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ನಾಲ್ಕು ವರ್ಷದಲ್ಲಿ ಯಾರೂ ಹಿಡಿದಿಲ್ಲ. ನನ್ನ ದರಗಳು ಸರಿಯಾಗಿವೆಯೋ, ಇಲ್ಲ ಅವ್ವನಿಗೆ ಕಡಲು ತೋರಿಸಿ ಅಪ್ಪನ ಕೆಲಸ ಮುಗಿಯಿತೋ, ಗೊತ್ತಿಲ್ಲ.