ಮಗಳ ಕಣ್ಣಿನ ನೀಲಿ

ನನ್ನ ಮೊದಲ ಮಗಳು ಹುಟ್ಟಿದ್ದು ಸೊರಬದಲ್ಲಿ, ನನ್ನ ತವರಿನಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತು ತುಂಬಿತ್ತು. ಹೆತ್ತು ಹತ್ತು ಹನ್ನೆರಡು ದಿನವಾಗಿರಬಹುದು. ಬೆಳಿಗ್ಗೆ ಅವ್ವ ಮಗುವನ್ನು ಜಗಲಿಯ ಎಳೆಬಿಸಿಲಿಗೆ ತಂದು, ಅದು ಕಣ್ಣು ಬಿಡುವವರೆಗೆ ಕಾದು, ಬಗ್ಗಿ ನೋಡಿದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ನಾನೂ ನೋಡಿದೆ. ಕಣ್ಣಿನ ಬಿಳಿ ಬೆಳ್ಳಗಿರಲಿಲ್ಲ. ಪಂಚೆ ಒಗೆಯುವಾಗ ನೀಲಿ ತುಸು ಹೆಚ್ಚಾದರೆ ಬರುತ್ತದಲ್ಲ, ಆ ಬಣ್ಣ. ಅವ್ವನ ಕಣ್ಣೂ ಹಾಗೇ ಇದ್ದವು. ನನ್ನವೂ ಹಾಗೇ.

ಆ ಬಣ್ಣಕ್ಕೂ ಮೂಳೆಗೂ ಏನೋ ಸಂಬಂಧ ಇದೆ ಅನ್ನುವುದು ನಮ್ಮ ಮನೆಯ ಹೆಂಗಸರಿಗೆ ಗೊತ್ತಿತ್ತು. ಏನು ಸಂಬಂಧ ಅನ್ನುವುದು ಗೊತ್ತಿರಲಿಲ್ಲ. ಅವ್ವ ಮೈನೆರೆಯುವುದರೊಳಗೆ ಏಳು ಸಲ ಕೈಕಾಲು ಮುರಿದುಕೊಂಡಿದ್ದಳು. ನಾನು ಬಾವಿಕಟ್ಟೆಯ ಹತ್ತಿರ ಜಾರಿ ಮುಂಗೈ ಮುರಿದುಕೊಂಡೆ, ಹೊಸ್ತಿಲು ಎಡವಿ ಮೊಣಕಾಲ ಕೆಳಗೆ ಮುರಿದುಕೊಂಡೆ, ಒಂದು ಸಲ ಓರಗೆಯವಳು ಜೋರಾಗಿ ತಬ್ಬಿಕೊಂಡಷ್ಟಕ್ಕೇ ಹೆಗಲ ಮೂಳೆ ಬಿರುಕು ಬಿಟ್ಟಿತು. "ದೊಡ್ಡಾಕಿ ಆಗೋ ತನಕ ಜ್ವಾಕೆ. ಆಮೇಲೆ ತಾವೇ ಗಟ್ಟಿ ಆಗ್ತಾವೆ" ಅನ್ನುತ್ತಿದ್ದಳು ಅವ್ವ. ಅವಳು ಹೇಳಿದ ಹಾಗೇ ಆಯಿತು. ಹದಿಮೂರಕ್ಕೆ ಮೈನೆರೆದ ಮೇಲೆ ನನಗೆ ಒಂದು ಬೆರಳೂ ಮುರಿಯಲಿಲ್ಲ.

ಶಿಕಾರಿಪುರದಿಂದ ಹೆಣ್ಣು ನೋಡಲು ಬಂದವರು ಓದು ಎಷ್ಟಾಗಿದೆ, ರೊಟ್ಟಿ ಬಡಿಯಲು ಬರುತ್ತದೋ ಅಂತ ಕೇಳಿದರು. ಮೂಳೆಯ ಮಾತು ಯಾರು ಕೇಳುತ್ತಾರೆ? ಅವರು ಹೋದ ಮೇಲೆ ಅವ್ವ ಅಪ್ಪನ ಹತ್ತಿರ, "ಹೇಳಿಬಿಡಾಣೇನ್ರಿ?" ಅಂದಳು. "ಕೇಳದೇ ಇದ್ದದ್ದನ್ನ ನಾವ್ಯಾಕೆ ಹೇಳ್ಬೇಕು. ಈಗ ಏನೂ ಇಲ್ವಲ್ಲ ಅವಳಿಗೆ" ಅಂದರು ಅಪ್ಪ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನನಗೂ ಹೇಳದಿರುವುದೇ ಬೇಕಿತ್ತು.

ಮಗುವಿಗೆ ಐದು ತಿಂಗಳು ತುಂಬಿದಾಗ ಬಾಣಂತನ ಮುಗಿಸಿ ಶಿಕಾರಿಪುರಕ್ಕೆ ಬಂದೆ. ಅಲ್ಲಿ ನಮ್ಮದು ಜವಳಿ ಅಂಗಡಿ. ಮನೆಯಲ್ಲಿ ಅತ್ತೆ, ನಮ್ಮನೆಯವರು, ನಾನು ಮೂರೇ ಜನ. ಅತ್ತೆಗೆ ಮಗುವಿನ ಕಣ್ಣು ಬಹಳ ಇಷ್ಟವಾಯಿತು. ಬಂದವರಿಗೆಲ್ಲ, "ನೋಡ್ರಿ, ಕೆರೆ ನೀರಿದ್ದಂಗೆ ಅದಾವೆ" ಅಂತ ತೋರಿಸುತ್ತಿದ್ದರು. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಮಗುವಿಗೆ ಎರೆಯುವುದು ಅತ್ತೆಯ ಕೆಲಸ. ಆ ಓಣಿಯ ಎಷ್ಟೋ ಮಕ್ಕಳು ಅವರ ಕಾಲ ಮೇಲೆ ಮಲಗಿ ಎರೆಸಿಕೊಂಡಿದ್ದವು. ನಾನು ಒಂದೆರಡು ಸಲ, "ನಾನೇ ಎರಿತೀನಿ ಅತ್ತೆ" ಅಂದೆ. ಅವರು ನಕ್ಕು, "ನಿನಗೇನ್ ಬರ್ತೈತೆ ಹುಡುಗಿ, ನೋಡಿ ಕಲ್ಕ" ಅಂದರು. ಆ ದಿನವೂ ನಾನು ಬಚ್ಚಲ ಬಾಗಿಲಲ್ಲಿ ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಹರಳೆಣ್ಣೆ ತಿಕ್ಕಿ ಆಗಿತ್ತು. ಬಲಗೈಗೆ ಎಡಗಾಲು, ಎಡಗೈಗೆ ಬಲಗಾಲು ಮುಟ್ಟಿಸುತ್ತಾರಲ್ಲ, ಅದನ್ನು ಮಾಡುತ್ತಿದ್ದರು. ಒಣ ಕಡ್ಡಿ ಮುರಿದಷ್ಟೇ ಸಣ್ಣ ಸದ್ದು ಬಂತು. ಮಗು ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಚೀರಿತು. ಬಲತೊಡೆ ನಡುವೆ ಬಾಗಿತ್ತು.

ಅತ್ತೆ ಕೈಯನ್ನು ಮೇಲಕ್ಕೆತ್ತಿಕೊಂಡು ಹಾಗೇ ಕೂತಿದ್ದರು. "ನಾನು ಎಳೀಲಿಲ್ಲ. ನೋಡ್ದಿಯಲ್ಲ ನೀನು, ಎಳೀಲಿಲ್ಲ ನಾನು" ಅಂದರು. ನಾನು ನೋಡಿದ್ದೆ. ಅವರು ಎಳೆದಿರಲಿಲ್ಲ. ಅಷ್ಟನ್ನಾದರೂ ಹೇಳಬಹುದಿತ್ತು. ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.

ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ವಯಸ್ಸಾದ ಸಾಬರೊಬ್ಬರಿದ್ದರು. ಮುರಿದ ಮೂಳೆ ಕಟ್ಟುವುದರಲ್ಲಿ ಅವರ ಕೈಗುಣ ಸುತ್ತೂರಿಗೆ ಗೊತ್ತಿತ್ತು. ನಮ್ಮನೆಯವರು ಅವರನ್ನು ಕರೆತಂದರು. ಸಾಬರು ಬಿದಿರಿನ ಸಣ್ಣ ದಬ್ಬೆಗಳನ್ನು ಅರಿವೆಯಲ್ಲಿ ಸುತ್ತಿ, "ಕೋಳಿಮೊಟ್ಟೆ ಬಿಳಿ ಲೋಳೆ ಬೇಕು, ಪಟ್ಟಿ ಬಿಗಿ ಕೂರೋಕೆ" ಅಂತ ಸಂಕೋಚದಿಂದ ನಮ್ಮತ್ತೆಯ ಮುಖ ನೋಡಿದರು. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಅತ್ತೆ, "ತರ್ಸಿ" ಅಂದರು. ಕಟ್ಟು ಕಟ್ಟಿ ಮುಗಿದ ಮೇಲೆ ಸಾಬರು ಮಗುವಿನ ರೆಪ್ಪೆ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. "ಈ ಕಣ್ಣು ನಾನು ಇನ್ನೊಂದ್ ಮನೇಲಿ ನೋಡಿದೀನಮ್ಮ" ಅಂದರು. ಅಷ್ಟೇ. ನಾನು ತಲೆ ತಗ್ಗಿಸಿದೆ.

ಅಂದಿನಿಂದ ಅತ್ತೆ ಮಗುವನ್ನು ಮುಟ್ಟಲಿಲ್ಲ. ನಮ್ಮನೆಯವರು ಸಿಟ್ಟಿನಲ್ಲಿ, "ವಯಸ್ಸಾತು ಅವ್ವ, ಕೈ ಹಿಡಿತ ತಪ್ಪೈತೆ ನಿನಗೆ" ಅಂದುಬಿಟ್ಟಿದ್ದರು. ನೆರೆಯವರು ಬಂದು ನೋಡಿ ಹೋಗುವಾಗ ಅಂಗಳದಲ್ಲಿ ಪಿಸುಗುಡುತ್ತಿದ್ದರು. ಮಗು ಅತ್ತರೆ ಅತ್ತೆ ಎದ್ದು ಬರುತ್ತಿದ್ದರು, ತೊಟ್ಟಿಲಿಗೆ ಎರಡು ಮಾರು ದೂರದಲ್ಲಿ ನಿಂತು, "ಬಾರವ್ವ, ಅಳ್ತೈತೆ" ಅಂತ ನನ್ನನ್ನು ಕರೆಯುತ್ತಿದ್ದರು. ಹೇಳಿಬಿಡಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ನನ್ನನ್ನೂ ಮಗುವನ್ನೂ ಸೊರಬದ ಬಸ್ಸು ಹತ್ತಿಸುತ್ತಾರೆ ಅನ್ನಿಸುತ್ತಿತ್ತು. ಸೊಸೆಯಾಗಿ ಬಂದು ಎರಡು ವರ್ಷವೂ ಆಗಿರಲಿಲ್ಲ.

ಕಟ್ಟು ಇನ್ನೂ ಬಿಚ್ಚಿರಲಿಲ್ಲ, ಸೊರಬದಿಂದ ಸುದ್ದಿ ಬಂತು. ಅವ್ವ ಒರಳಿನ ಮುಂದೆ ಕೂತವಳು ಏಳಲು ಹೋಗಿ ಬಿದ್ದಿದ್ದಳು. ಕಾಲು ಊರಲು ಆಗುತ್ತಿಲ್ಲ ಅಂತ ಅಪ್ಪ ಹೇಳಿ ಕಳಿಸಿದ್ದರು. ಮಗುವನ್ನು ಅಲುಗಿಸುವ ಹಾಗಿರಲಿಲ್ಲ. ಪಕ್ಕದ ಮನೆಯ ಹೆಂಗಸಿಗೆ ನೋಡಿಕೊಳ್ಳಲು ಹೇಳಿ, ಹಸುವಿನ ಹಾಲು ಕಾಯಿಸಿಟ್ಟು, ಮೊದಲ ಬಸ್ಸಿಗೆ ಹೊರಟೆ. ಶಿರಾಳಕೊಪ್ಪ ದಾಟುವುದರೊಳಗೆ ಎದೆಹಾಲು ಕುಪ್ಪಸ ನೆನೆಸಿತ್ತು. ಸೆರಗನ್ನು ಒತ್ತಿ ಹಿಡಿದುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅವ್ವ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎಡಗಾಲು ಗಿಡ್ಡವಾದ ಹಾಗೆ ಕಾಣುತ್ತಿತ್ತು, ಪಾದ ಹೊರಗೆ ಹೊರಳಿತ್ತು. ಅವಳಿಗೆ ಐವತ್ತಾಗಿರಲಿಲ್ಲ. ಕಿವಿ ಮಾತ್ರ ಆಗಲೇ ಅರ್ಧ ಹೋಗಿತ್ತು. "ಮಗು ಎಲ್ಲಿ?" ಅಂದಳು.

"ಬಿಸಿಲು ಅಂತ ಬಿಟ್ಟು ಬಂದೆ ಅವ್ವ" ಅಂತ ಕಿವಿಯ ಹತ್ತಿರ ಕೂಗಿದೆ.

"ಕಾಲು ಕೈ?"

"ನೆಟ್ಟಗದಾವೆ."

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದರು. ಇನ್ನೂ ಚಿಕ್ಕ ವಯಸ್ಸಿನವರು. ಅವ್ವನ ಸೊಂಟದ ಕೀಲು ನೋಡಿದರು, ಕಣ್ಣು ನೋಡಿದರು, ಕಿವಿಯ ವಿಚಾರ ಕೇಳಿದರು. ಆಮೇಲೆ ನನ್ನನ್ನು ಜಗಲಿಗೆ ಕರೆದು, "ನಿಮ್ಮ ತಾಯಿಯವರಿಗೆ ಮುಟ್ಟು ನಿಂತು ಎಷ್ಟು ವರ್ಷವಾಯ್ತಮ್ಮ?" ಅಂದರು. ಗಂಡಸೊಬ್ಬರು ಆ ಮಾತು ಕೇಳಿದ್ದು ನನಗೆ ಅದೇ ಮೊದಲು. ಕಂಬ ನೋಡಿಕೊಂಡು, "ಐದಾರು ವರ್ಷ" ಅಂದೆ.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ವಂಶದಲ್ಲಿ ಮೂಳೆಯ ನೇಯ್ಗೆಯೇ ತೆಳುವಾಗಿ ಬರುತ್ತದೆ, ಕಣ್ಣಿನ ಬಿಳಿಪೊರೆಯೂ ಅದೇ ನೂಲಿನದು, ತೆಳುವಾದ್ದರಿಂದ ಒಳಗಿನ ಬಣ್ಣ ಕಾಣುತ್ತದೆ. ಕಿವಿಯೊಳಗಿನ ಸಣ್ಣ ಮೂಳೆಗೂ ಅದೇ ಗತಿ, ಅದಕ್ಕೇ ಕಿವಿ ಮಂದವಾಗುತ್ತದೆ. ಹೆಣ್ಣು ದೊಡ್ಡವಳಾದಾಗ ಮೈಯೊಳಗೆ ಒಂದು ರಸ ಹುಟ್ಟುತ್ತದೆ, ಅದಕ್ಕೆ ಹಾರ್ಮೋನು ಅನ್ನುತ್ತಾರೆ, ಅದು ಇರುವಷ್ಟು ದಿನ ಮೂಳೆಯನ್ನು ಕಾಯುತ್ತದೆ. ಮುಟ್ಟು ನಿಂತಾಗ ಅದೂ ಹೋಗುತ್ತದೆ. ಗಟ್ಟಿ ಮೂಳೆಯವರಿಗೂ ಆಮೇಲೆ ಮೂಳೆ ಸವೆಯುತ್ತದೆ, ಇಂಥವರಿಗೆ ಬೇಗ ಸವೆಯುತ್ತದೆ.

ನನ್ನ ಅಜ್ಜಿ ಕಡೆಯ ಮೂರು ವರ್ಷ ಹಾಸಿಗೆಯಲ್ಲೇ ಕಳೆದದ್ದು ಆಗ ನೆನಪಾಯಿತು. ಮುಪ್ಪು ಅಂದುಕೊಂಡಿದ್ದೆವು.

"ಔಷಧ?" ಅಂದೆ.

"ಹಾಲು ಕೊಡಿ, ಬಿಸಿಲಿಗೆ ಕೂರಿಸಿ. ಇದನ್ನ ವಾಸಿಮಾಡೋ ಔಷಧ ನನ್ನ ಹತ್ರ ಇಲ್ಲಮ್ಮ. ಯಾರ ಹತ್ರಾನೂ ಇಲ್ಲ."

"ನನಗೊಂದು ಮಗು ಐತೆ."

ಅವರು ನನ್ನ ಕಣ್ಣನ್ನು ಆಗಲೇ ನೋಡಿದ್ದರು ಅಂತ ಕಾಣುತ್ತದೆ. "ಪ್ರತಿ ಮಗುವಿಗೂ ಬರಬಹುದು, ಬರದೇನೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಕೈಲಿಲ್ಲ" ಅಂದರು. ಸಮಾಧಾನಕ್ಕೆ ಹೇಳಿದ ಮಾತು ಅದು. ನನ್ನ ಕೈಲಿಲ್ಲ ಅನ್ನುವುದು ಯಾಕೆ ಸಮಾಧಾನ ಅಂತ ನನಗೆ ತಿಳಿಯಲಿಲ್ಲ.

ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದರೆ ದಾರಿಯಲ್ಲೇ ಇನ್ನೊಂದು ಕಡೆ ಮುರಿಯಬಹುದು ಅಂತ ಡಾಕ್ಟರು ಅಂದಿದ್ದರಿಂದ ಅಪ್ಪ ಒಪ್ಪಲಿಲ್ಲ. ಅವ್ವನನ್ನು ಮಗ್ಗುಲಾಗಿಸಬೇಕು, ಮೈ ಒರೆಸಬೇಕು. ತೋಳಿನ ಕೆಳಗೆ ಕೈ ಹಾಕಲೂ ನನಗೆ ಹೆದರಿಕೆ. ಅವಳೂ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಕೈ ಹಾಕುತ್ತಿದ್ದೆ, ಅವಳು ಉಸಿರು ಹಿಡಿಯುತ್ತಿದ್ದಳು, ನಾನು ಕೈ ತೆಗೆಯುತ್ತಿದ್ದೆ. ಹೀಗೆ ಎಷ್ಟೋ ಹೊತ್ತು. ನಮ್ಮತ್ತೆ ತೊಟ್ಟಿಲಿನಿಂದ ಎರಡು ಮಾರು ದೂರ ಯಾಕೆ ನಿಲ್ಲುತ್ತಿದ್ದರು ಅಂತ ಆಗ ನನಗೆ ಸರಿಯಾಗಿ ಗೊತ್ತಾಯಿತು.

ಮಾರನೆಯ ದಿನ ಮಧ್ಯಾಹ್ನ ಶಿಕಾರಿಪುರ ಮುಟ್ಟಿದೆ. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಮಗುವಿಗೆ ಹಾಲು ಕುಡಿಸಿ ಮಲಗಿಸಿ ಅವರ ಎದುರು ಕೂತೆ. ಅಜ್ಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೆಣ್ಣು ನೋಡಲು ಬಂದಾಗ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಅವರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಆ ದಿನಾನೇ ಗೊತ್ತಿತ್ತಾ ನಿನಗೆ? ಬಚ್ಚಲದಾಗೆ?"

"ಗೊತ್ತಿತ್ತು ಅತ್ತೆ."

"ಮತ್ತೆ ಯಾಕೆ ಸುಮ್ನಿದ್ದಿ?"

"ಹೆದರಿಕೆ ಆತು."

"ನನಗಿಂತ ಹೆಚ್ಚಿತ್ತಾ ನಿನ್ನ ಹೆದರಿಕೆ?" ಅಂದರು. ಒಂದು ಕಲ್ಲು ಆರಿಸಿ ಆಚೆ ಎಸೆದು, "ಸಾಬರ ಅಂಗಡಿಗೆ ಹೋಗಿದ್ದೆ ನಾನು. ನನ್ನ ಬೆರಳು ಹಿಡಿದು ನೋಡಪ್ಪ, ಬಿಗಿ ಎಷ್ಟೈತೆ ಅಂತ ಹೇಳು ಅಂತ ಕೇಳ್ದೆ" ಅಂದರು.

ನಾನು ಅವರ ಕಾಲು ಮುಟ್ಟಲು ಹೋದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಮಗನ ಹತ್ತಿರ ಮಾತ್ರ ತಾವೇ ಎಲ್ಲ ಹೇಳಿ, "ಅವಳಿಗೇನೂ ಅನ್ಬೇಡ. ಬೈದ್ರೆ ಮಗು ಮೂಳೆ ಗಟ್ಟಿ ಆಗಲ್ಲ" ಅಂದರಂತೆ. ನಮ್ಮನೆಯವರು ತೊಟ್ಟಿಲ ಸುತ್ತ ಹಾಸಲು ಅಂಗಡಿಯಿಂದ ದಪ್ಪ ಜಮಖಾನ ತಂದುಹಾಕಿದರು.

ಮಗುವಿನ ಕಟ್ಟು ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ, "ನಡಿ, ನಿಮ್ಮವ್ವನ್ನ ನೋಡಿ ಬರಾಣ" ಅಂದರು. ಮಗುವನ್ನು ದಿಂಬಿನ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಹೋದೆವು. ಅವ್ವ ಬಹಳ ಇಳಿದುಹೋಗಿದ್ದಳು, ಬೆನ್ನಿಗೆ ಹುಣ್ಣಾಗಿತ್ತು. ಬೀಗತಿಯನ್ನು ನೋಡಿದ್ದೇ ಅಳಲು ಶುರುಮಾಡಿದಳು. "ನಾವು ಮುಚ್ಚಿಟ್ವಿ ನಿಮಗೆ" ಅಂದಳು. ಅತ್ತೆ ಅವಳ ಪಕ್ಕ ನೆಲದ ಮೇಲೆ ಕೂತರು.

"ಕೇಳಿಸ್ತೈತಾ ಇವರಿಗೆ?" ಅಂತ ನನ್ನನ್ನು ಕೇಳಿ, ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದರು: "ಮಗು ಗುಂಡುಕಲ್ಲಿದ್ದಂಗೆ ಐತ್ರಿ. ದಿನಾ ನನ್ನ ಕೈಯಾರೆ ಎರಿತೀನಿ. ಏನೂ ಆಗಿಲ್ಲ."

ಅವ್ವ ನನ್ನ ಕಡೆ ನೋಡಿದಳು. ನಾನು ಹೌದು ಅಂತ ತಲೆ ಆಡಿಸಿದೆ.

ಒಂದು ತಿಂಗಳಲ್ಲಿ ಅವ್ವ ತೀರಿಕೊಂಡಳು. ಅತ್ತೆ ನನ್ನ ಮಗಳಿಗೆ ಮತ್ತೆ ಎರೆಯಲಿಲ್ಲ. ನಾನು ಎಷ್ಟು ಕೇಳಿಕೊಂಡರೂ ಬಚ್ಚಲ ಬಾಗಿಲಲ್ಲಿ ತಂಬಿಗೆ ಹಿಡಿದು ನಿಲ್ಲುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ಮಗಳು ತಡವಾಗಿ ನಡೆಯಲು ಕಲಿತಳು. ಒಂದು ಸಂಜೆ ಅಂಗಳದಲ್ಲಿ, ಯಾರೂ ಮುಟ್ಟದೆ, ಯಾವುದನ್ನೂ ಎಡವದೆ, ಸುಮ್ಮನೆ ತಿರುಗಿ ನಮ್ಮ ಕಡೆ ನೋಡಲು ಹೋಗಿ ಕೂತುಬಿಟ್ಟಳು. ನಾನೂ ಅತ್ತೆಯೂ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದೆವು. ಇಬ್ಬರಿಗೂ ಒಣ ಕಡ್ಡಿಯ ಆ ಸದ್ದು ಕೇಳಿಸಿತು.